ನೀಲಗಂಗಮ್ಮ ಕರೆದ ಊರು

ಕಮಲಾಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೀಲಗಂಗಮ್ಮ ಆಗಲೇ ಓಣಿಯ ಅರ್ಧ ಮುಗಿಸಿದ್ದಾರೆ. ಕೈಯಲ್ಲಿ ಕುಂಕುಮದ ಭರಣಿ, ಸೆರಗಿನ ಗಂಟಿನಲ್ಲಿ ಸಕ್ಕರೆ. ಬಾಗಿಲಿಗೆ ಬಂದವರ ಹಣೆಗೆ ಕುಂಕುಮ ಹಚ್ಚಿ, "ನಾಳಿ ಸಂಜಿಕಿ ಖಂಡೆಪ್ಪನ ಮೊಮ್ಮಗಳ ತೊಟ್ಟಲಾ ಅದ, ಬರಬೇಕ್ರೆವ್ವಾ" ಎನ್ನುತ್ತಾರೆ. ಪಕ್ಕದ ಜೀನತ್ ಅವರ ಅಂಗೈಗೆ ಕುಂಕುಮದ ಬದಲು ಚಿಟಿಕೆ ಸಕ್ಕರೆ. ಹೊತ್ತೇರಿದರೆ ಹೆಂಗಸರೆಲ್ಲ ಹೊಲಕ್ಕೆ ಹೋಗಿಬಿಡುತ್ತಾರೆ. ಬೀಗಕ್ಕೆ ಕುಂಕುಮ ಹಚ್ಚಿ ಬರಲಾಗುತ್ತದೆಯೇ?

ತೊಟ್ಟಿಲು, ಬಸುರಿಯ ಕುಬಸ, ಮದುವೆ, ಯಾವುದೇ ಇರಲಿ, ಮನೆಮನೆಗೆ ಹೋಗಿ ಊರನ್ನು ಕರೆಯುವುದು ಅರವತ್ತು ದಾಟಿದ ಈ ಹೆಣ್ಣುಮಗಳ ಕೆಲಸ. ಅತ್ತೆಯಿಂದ ಬಂದದ್ದು. ಕೂಲಿ ಎಂದರೆ ಒಂದಿಷ್ಟು ಜೋಳ, ಒಂದು ಜಂಪರ್ ಖಣ. "ನಾ ಸೊಸಿಯಾಗಿ ಬಂದಾಗ ಬಿಸಲು ಬೀಳೂದ್ರಾಗ ಊರು ಮುಗೀತಿತ್ತು. ಈಗ ಎರಡು ಮುಂಜಾನಿ ಬೇಕ್ರಿ" ಎನ್ನುತ್ತಾರೆ. ಕೆಂಪು ಬಾಳೆಗೆ ಹೆಸರಾದ ಊರು ತಾಲ್ಲೂಕು ಕೇಂದ್ರವಾಯಿತು. ಕಚೇರಿಗಳು ಬಂದವು, ನೌಕರರು ಬಂದರು, ತೋಟಗಳ ಅಂಚಿನಲ್ಲಿ ಬಾಡಿಗೆ ಮನೆಗಳೆದ್ದವು. ಜನಸಂಖ್ಯೆ ಏರಿದ್ದು ಸರ್ಕಾರಕ್ಕಿಂತ ಮೊದಲು ನೀಲಗಂಗಮ್ಮನವರ ಮೊಣಕಾಲಿಗೆ ಗೊತ್ತಾಗಿದೆ.

ಆದರೆ ಆ ಬಾಡಿಗೆ ಮನೆಗಳನ್ನು ಅವರು ಬಹಳ ದಿನ ಕರೆದೇ ಇರಲಿಲ್ಲ. ಕರೆಸುವವರು ಹೇಳುತ್ತಿರಲಿಲ್ಲ, ಇವರೂ ಕೇಳುತ್ತಿರಲಿಲ್ಲ. ಹೋದ ವರ್ಷ ಒಂದು ಮುಂಜಾನೆ ಗುಮಾಸ್ತ ಅರುಣಕುಮಾರ ಅವರ ಹೆಂಡತಿ ಮಲ್ಲಿಕಾ ಬಾಗಿಲಲ್ಲಿ ನಿಂತಿದ್ದರು, ತುಂಬು ಬಸುರಿ. ನೀಲಗಂಗಮ್ಮ ಆಚೆ ಮನೆ, ಈಚೆ ಮನೆ ಕರೆದು ಅವರನ್ನು ದಾಟಿ ಹೊರಟರು.

"ಅವ್ವಾರ, ನಾವು ಈ ಊರಾಗ ಇಲ್ಲೇನ್ರಿ?" ಎಂದು ಮಲ್ಲಿಕಾ ಕೇಳಿದರು.

"ಮಾರಿ ಮ್ಯಾಲ ಹೊಡದಂಗಾತ್ರಿ" ಎಂದು ಹೇಳುವಾಗ ನೀಲಗಂಗಮ್ಮ ಇಂದಿಗೂ ತಲೆ ತಗ್ಗಿಸುತ್ತಾರೆ. ಮುಂದಿನ ಕರೆಯಿಂದಲೇ ಬಾಡಿಗೆಯವರಿಗೂ ಕುಂಕುಮ ಹಚ್ಚತೊಡಗಿದರು. ಕಾಳುಕಡಿ ವ್ಯಾಪಾರದ ಅಡತಿ ಅಂಗಡಿ ಮನೆತನದ ಸುನಂದಾ ಅವರಿಗೆ ಇದು ಸರಿಬರಲಿಲ್ಲ. "ಬಾಡಿಗಿ ಮಂದಿ ಇವತ್ತಿರ್ತಾರ, ನಾಳಿ ಹೋಗ್ತಾರ. ಅವರಿಗ್ಯಾಕ?" ಎಂದು ಕರೆಯುವ ಕೆಲಸ ಬೇರೆಯವರಿಗೆ ಕೊಟ್ಟರು. ಇನ್ನೊಂದು ಮನೆಯೂ ಕೈಬಿಟ್ಟಿತು.

ಮಲ್ಲಿಕಾಗೆ ಗಂಡು ಹುಟ್ಟಿತು. ತಾಯಿಯಿಲ್ಲದ ತವರು, ಬಾಣಂತನ ಇಲ್ಲಿಯೇ. ತೊಟ್ಟಿಲಿಗೆ ಯಾರೂ ಬರಲಾರರೆಂದು ಗಂಡಹೆಂಡಿರು ಕಲಬುರಗಿಗೆ ಹೋಗಿ ಶರಣಬಸವೇಶ್ವರ ಗುಡಿಯಲ್ಲಿ ಹೆಸರಿಟ್ಟು ಬರುವ ಯೋಚನೆಯಲ್ಲಿದ್ದರು. "ಗುಡಿಗಿ ಆಮ್ಯಾಲ ಹೋಗ್ರಿ. ಮೊದಲ ಊರು ಬಂದು ತೂಗ್ಲಿ" ಎಂದು ನೀಲಗಂಗಮ್ಮ ತಾವೇ ಭರಣಿ ಹಿಡಿದು ಎರಡು ಮುಂಜಾನೆ ತಿರುಗಿದರು.

ಆ ಸಂಜೆ ತೊಟ್ಟಿಲು ಸಿಂಗಾರಗೊಂಡಿತ್ತು, ಗುಗ್ಗರಿ ಬೆಂದಿತ್ತು, ಜಮಖಾನೆ ಮಾತ್ರ ಖಾಲಿ. ಮಲ್ಲಿಕಾ ಕೂಸಿನ ಟೊಪ್ಪಿಗೆ ಬಿಚ್ಚಿದರು, ಮತ್ತೆ ಕಟ್ಟಿದರು. "ಊರು ಬರಲಿಲ್ಲಂದ್ರ ಭರಣಿ ಒಗದು ಮನ್ಯಾಗ ಕೂಡತಿದ್ದೆ" ಎನ್ನುತ್ತಾರೆ ನೀಲಗಂಗಮ್ಮ. ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಮಾತು ಕೇಳಿಸಿತು. ತೊಗರಿ ಕೊಯ್ಲಿಗೆ ಹೋದ ಹೆಂಗಸರು ಸೀರೆ ಸಹ ಬದಲಿಸದೆ, ಕಾಲ ತುಂಬ ಮಣ್ಣು ಮಾಡಿಕೊಂಡು ನೇರ ಬಂದಿದ್ದರು. ಜೀನತ್ ಕೂಸಿನ ತಲೆಗೆ ಹೊಸ ಕುಲಾಯಿ ತಂದಿದ್ದರು. ಗುಗ್ಗರಿ ಸಾಲದೆ ಮತ್ತೊಮ್ಮೆ ಒಲೆಗೇರಿತು. ಸುನಂದಾ ಬರಲಿಲ್ಲ.

ಈಗ ಅರುಣಕುಮಾರ ಅವರಿಗೆ ಕಲಬುರಗಿಗೆ ವರ್ಗವಾಗಿದೆ, ಮನೆ ಅಲ್ಲಿನ ಜಗತ್ ವೃತ್ತದ ಹತ್ತಿರ. ಕಮಲಾಪುರ ಬಿಟ್ಟು ಕಲಬುರಗಿಯದೇ ಶಹಾಬಜಾರದಲ್ಲಿ ನೆಲೆಸಿದ ಹಳೆಯ ಮನೆತನಗಳನ್ನು ಕರೆಯಲು ನೀಲಗಂಗಮ್ಮ ಬಸ್ಸಿನಲ್ಲಿ ಹೋಗಿಬರುವುದುಂಟು. ಫೋನು ಸಾಲದೇ ಎಂದರೆ, "ಫೋನಿನ್ಯಾಗ ಹೇಳಿದ್ರ ಹೇಳ್ಯಾರ ಅಂತಾರ್ರಿ. ಕರದಾರ ಅನ್ನೂದಿಲ್ಲ" ಎನ್ನುತ್ತಾರೆ. ಖಂಡೆಪ್ಪನವರ ಮನೆಯ ಕರೆ ಹೊತ್ತು ಇಂದು ಅವರು ಹತ್ತುವುದೂ ಅದೇ ಬಸ್ಸು. ಮೊದಲು ಹೋಗುವುದು ಮಲ್ಲಿಕಾ ಮನೆಗೆ.

ನಿಲ್ದಾಣದಲ್ಲಿ ಎದುರಾದ ಸುನಂದಾ ಎಲ್ಲಿಗೆಂದು ಕೇಳಿ ತಿಳಿದು, "ಬಾಡಿಗಿ ಮನಿ ಬಿಟ್ಟು ಹ್ವಾದಾಕಿನ್ನ ಇನ್ಯಾಕ ಕರೀತಿ?" ಎಂದು ನಗುತ್ತಾರೆ.

ನೀಲಗಂಗಮ್ಮ ಭರಣಿಯ ಮುಚ್ಚಳ ಬಿಗಿ ಮಾಡುತ್ತಾರೆ. "ಆಕಿ ನಮ್ಮ ಊರಾಕಿರಿ. ನಾ ಕರದಿದ್ದೆ, ಊರು ಬಂದಿತ್ತು."