ಡ್ರೈವರಣ್ಣನ ಗಡ್ಡ

ಮಾವನ ಸಲೂನಿನಲ್ಲಿ ನಾನು ಸಂಬಳಕ್ಕಿದ್ದೇನೆ. ಸೋದರಳಿಯನೆಂದು ಸೇರಿಸಿಕೊಂಡರು, ಕೆಲಸಗಾರನೆಂದು ಬೈಯುತ್ತಾರೆ. ಲಾರಿ ಓಡಿಸುವುದನ್ನು ಬಿಟ್ಟು ತಮ್ಮ ಮನೆಯಲ್ಲೇ ಇರುವ ಹಳೇ ಗಿರಾಕಿ ಡ್ರೈವರಣ್ಣನನ್ನು ಮಾತ್ರ ಅವರು ನನ್ನ ಕೈಗೆ ಕೊಟ್ಟದ್ದೇ ಇಲ್ಲ. ನನ್ನ ಕೈಗುಣದ ಮೇಲೆ ಅನುಮಾನ ಎಂದುಕೊಂಡಿದ್ದೆ. ಅನುಮಾನಕ್ಕೆ ಆಧಾರವೂ ಇತ್ತು. ಕೆಲವು ಗಿರಾಕಿಗಳ ಕಿವಿಗಳು ಸಾಕ್ಷಿ ಹೇಳುತ್ತವೆ.

ಅವತ್ತು ಮಾವ ಹಲ್ಲು ಕೀಳಿಸಲು ಹೋಗಿದ್ದರು. ಬೆಳಿಗ್ಗೆ ಡ್ರೈವರಣ್ಣ ಬಂದು ಖಾಲಿ ಕುರ್ಚಿಯ ಪಕ್ಕದಲ್ಲೇ ನಿಂತರು.

"ಮಾವ ಇಲ್ವಾ?"

"ಇಲ್ಲ. ಕೂತ್ಕೊಳ್ಳಿ, ನಾನಿದ್ದೀನಲ್ಲ."

"ಕೂರೋಕೆ ಮುಂಚೆ ಹೇಳ್ಬಿಡ್ತೀನಿ ಕಣಪ್ಪ. ನನಗೆ ಎಚ್‌ಐವಿ ಇದೆ. ಇಪ್ಪತ್ತು ವರ್ಷದ ಮೇಲಾಯ್ತು. ಮಾತ್ರೆ ನುಂಗ್ತೀನಿ, ಚೆನ್ನಾಗಿದ್ದೀನಿ. ಆಮೇಲೆ ಗೊತ್ತಾಗಿ ನೀನು ಬೇಜಾರು ಮಾಡ್ಕೊಳ್ಳೋದು ಬೇಡ."

ಬ್ರಶ್ಶಿನ ನೊರೆ ನನ್ನ ಚಪ್ಪಲಿಯ ಮೇಲೆ ಬಿತ್ತು. ಗೋಡೆಯ ಮೇಲೆ 'ಪ್ರತಿಯೊಬ್ಬರಿಗೂ ಹೊಸ ಬ್ಲೇಡು' ಎಂದು ದಪ್ಪಕ್ಷರದಲ್ಲಿ ಬರೆದವನು ನಾನೇ. ಆ ಪ್ರತಿಯೊಬ್ಬರಲ್ಲಿ ಇಂಥವರೂ ಸೇರುತ್ತಾರೆಂದು ಬರೆಯುವಾಗ ಹೊಳೆದಿರಲಿಲ್ಲ.

"ಬೇಡ ಅಂದ್ರೆ ಹೋಗ್ತೀನಿ. ಆದ್ರೆ ಇವತ್ತು ಆಸ್ಪತ್ರೇಲಿ ಹೊಸಬರ ಜೊತೆ ಮಾತಾಡ್ಬೇಕು. ಈಗಷ್ಟೇ ಗೊತ್ತಾಗಿ ಅಳ್ತಾ ಕೂತಿರ್ತಾರೆ. ಹಿಂಗೆ ಗಡ್ಡ ಬಿಟ್ಕೊಂಡು ಎದುರಿಗೆ ನಿಂತ್ರೆ, ನಮ್ಮ ಗತೀನೂ ಇಷ್ಟೇ ಅಂದ್ಕೋತಾರೆ."

ಕುರ್ಚಿ ತೋರಿಸಿದೆ. ಹೊಸ ಬ್ಲೇಡು ಬಿಚ್ಚಿ ಕತ್ತಿಗೆ ಸಿಕ್ಕಿಸಿದೆ.

ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಕೈ ಹತೋಟಿಗೆ ಬಂತು. ನಾಲಿಗೆ ಹತೋಟಿ ತಪ್ಪಿತು. "ನಮ್ಮ ಮಾವ ಮೊದಲಿಂದ್ಲೂ ಧೈರ್ಯವಂತರು, ಅಲ್ವಾ?" ಎಂದೆ.

ಕನ್ನಡಿಯಲ್ಲಿ ಅವರು ನಕ್ಕರು. "ನಿಮ್ಮ ಮಾವನಾ? ನನ್ನನ್ನ ಮೊದಲು ಓಡಿಸಿದ್ದೇ ಅವನು. ಆಗ ಔಷಧಿ ನಮ್ಮಂಥವರ ಕೈಗೆ ಸಿಕ್ತಿರಲಿಲ್ಲ. ಗೋಡೆ ಗೋಡೆ ಮೇಲೆ ತಲೆಬುರುಡೆ ಬರೆದು ಸಾವು, ಸಾವು ಅಂತಿದ್ರು. ಅವನೂ ಹೆದರ್ದ. ನಾನು ಮುಖ ಒರೆಸ್ಕೊಂಡಿದ್ದ ಟವೆಲ್ಲನ್ನ ಬೀದೀಲೇ ಸೀಮೆಎಣ್ಣೆ ಸುರಿದು ಸುಟ್ಟ."

"ಮತ್ತೆ ಹೇಗೆ ಸರಿಹೋದ್ರು?"

"ಅವನ ಅಣ್ಣ, ನಿನ್ನ ದೊಡ್ಡಮಾವ, ಸತ್ತ ಮೇಲೆ ಕ್ಷೌರದ ಪೆಟ್ಟಿಗೆ ತಗೊಂಡು ನಮ್ಮನೇಗೇ ಬಂದ. ನನಗಾಗ ಎದ್ದು ಕೂರೋ ತ್ರಾಣಾನೂ ಇರ್ಲಿಲ್ಲ. ಗಡ್ಡ ಮಾಡ್ತಾ ಅತ್ತ."

"ದೊಡ್ಡಮಾವನಿಗೂ ಇದಕ್ಕೂ ಏನು ಸಂಬಂಧ? ಅವರು ಹೋಗಿದ್ದು ಕಾಮಾಲೆಯಿಂದ."

"ಮನೇಲಿ ಹಾಗಂದ್ರಾ?" ಅವರ ನಗು ನಿಂತಿತು. "ಅವನಿಗೂ ನನ್ನ ಕಾಯಿಲೇನೇ ಕಣಪ್ಪ. ಈ ಗೋಡೆ ಹಿಂದಿನ ಕೋಣೇಲಿ ಮಲಗಿಸಿದ್ರು. ಊಟ ಬಾಗಿಲ ಹತ್ರ ಇಟ್ಟು ಬರ್ತಿದ್ರು. ಹೋಗೋ ಹೊತ್ತಿಗೆ ಗಡ್ಡ ಎದೆ ಮುಟ್ಟಿತ್ತು. ಕ್ಷೌರದವನ ಅಣ್ಣ."

ನಾನು ದಿನಾ ಮಲಗುವುದು ಆ ಕೋಣೆಯಲ್ಲೇ. ಅಮ್ಮ, ಅಜ್ಜಿ, ಮಾವ ಮೂವರೂ ಕಾಮಾಲೆಯ ಕಥೆಯನ್ನು ಒಂದಕ್ಷರ ತಪ್ಪದೆ ಹೇಳಿಕೊಂಡು ಬಂದಿದ್ದರು. ಬೇರೆ ಯಾವ ವಿಷಯದಲ್ಲೂ ಅವರು ಒಮ್ಮತಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಕತ್ತಿ ಹಿಡಿದ ಕೈ ಅಲ್ಲೇ ನಿಂತಿತು.

"ಕತ್ತಿ ನನ್ನ ಗಂಟಲ ಮೇಲಿದೆ" ಎಂದರು ಡ್ರೈವರಣ್ಣ. "ಯೋಚನೆ ಆಮೇಲೆ ಮಾಡು."

ಮುಗಿಸಿದೆ. ಅವರು ಗದ್ದ ಎತ್ತಿ, ತಿರುಗಿಸಿ ನೋಡಿಕೊಂಡರು. "ಪರವಾಗಿಲ್ಲ, ಹತ್ತು ವರ್ಷ ಇಳಿಸಿದೀಯ" ಎಂದು ಆಸ್ಪತ್ರೆಯ ಕಡೆ ಹೊರಟರು.

ಮಧ್ಯಾಹ್ನ ಮಾವ ಊದಿದ ಕೆನ್ನೆ ಹಿಡಿದುಕೊಂಡು ಬಂದರು. ಡ್ರೈವರಣ್ಣ ಬಂದಿದ್ದನೇ ಎಂದು ಸನ್ನೆಯಲ್ಲೇ ಕೇಳಿದರು.

"ಬಂದಿದ್ರು. ಗಡ್ಡ ಮಾಡಿ ಕಳಿಸ್ದೆ. ದೊಡ್ಡಮಾವನ ವಿಷಯಾನೂ ಹೇಳಿದ್ರು."

ಮಾವ ಮಾತಾಡಲೆಂದು ಬಾಯಿಂದ ಹತ್ತಿ ತೆಗೆದರು. ಡ್ರೈವರಣ್ಣನನ್ನು ನನ್ನ ಕೈಗೆ ಕೊಡದೆ ಇದ್ದದ್ದು ನನ್ನ ಕತ್ತಿಗೆ ಹೆದರಿಯಲ್ಲ, ಅವರ ಬಾಯಿಗೆ ಹೆದರಿ ಎಂದು ನನಗಾಗ ಹೊಳೆಯಿತು. ಮಾವ ಹತ್ತಿಯನ್ನು ಮತ್ತೆ ಒಳಗೆ ಇಟ್ಟುಕೊಂಡರು.