ಸ್ಪೀಕರುಗಳ ನಡುವೆ ಕೂತವಳು

ಸ್ಪೀಕರ್ ಆರಿಸಿದ ಕಥೆಯನ್ನು ನನ್ನ ಗಂಡನ ಬಾಯಿಂದ ಕೇಳಿದರೆ ಅದರಲ್ಲಿ ನಾನು ಚಹಾ ತಂದುಕೊಡಲು ಮಾತ್ರ ಬರುತ್ತೇನೆ. ಅದಕ್ಕೇ ನಾನೇ ಬರೆಯಲು ಕೂತಿದ್ದೇನೆ. ಇದರಲ್ಲಿ ದೊಡ್ಡ ಮನಸ್ಸು, ಕ್ಷಮೆ ಇತ್ಯಾದಿ ಹುಡುಕಬೇಡಿ. ನಾನು ಸೇಡು ತೀರಿಸಿಕೊಂಡೆ. ತೀರಿಸಿಕೊಂಡ ಮೇಲೆ ಹೊಟ್ಟೆ ತಣ್ಣಗಾಯಿತು.

ಯಾತರ ಸೇಡು ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ತವರು ಧಾರವಾಡ. ಫ್ರಾಕು ಹಾಕುವ ವಯಸ್ಸಿನಿಂದ ಮದುವೆ ಗೊತ್ತಾಗುವ ತನಕ ಒಬ್ಬರೇ ಗುರುಗಳ ಮನೆಯ ಜಮಖಾನದ ಮೇಲೆ ಕೂತು ಹಾಡು ಕಲಿತವಳು. ಹೆಣ್ಣು ನೋಡಲು ಬಂದಾಗಲೂ ಹಾಡಿಸಿದರು, ಹಾಡಿದೆ. ಇವರು ತಲೆ ಅಲ್ಲಾಡಿಸಿದರು. ಅದನ್ನು ಮೆಚ್ಚುಗೆ ಎಂದು ನಂಬಿ, ತಂಬೂರಿಗೆ ಹಳೆಯ ಸೀರೆ ಸುತ್ತಿಕೊಂಡು ದಾಂಡೇಲಿಯ ಪೇಪರ್ ಮಿಲ್ಲಿನ ಕ್ವಾರ್ಟರ್ಸಿಗೆ ಬಂದೆ.

ಮಿಲ್ಲಿನ ಲೈನು ಮನೆಗಳಲ್ಲಿ ಯಾವ ಹೊತ್ತಿಗೂ ಯಾರೋ ಒಬ್ಬರು ಮಲಗಿರುತ್ತಾರೆ. ರಾತ್ರಿ ಪಾಳಿಯವರು ಹಗಲು, ಬೆಳಗಿನ ಪಾಳಿಯವರು ಮಧ್ಯಾಹ್ನ. ಮಲಗಿದವರನ್ನು ಎಬ್ಬಿಸಬಾರದು ಎನ್ನುವುದು ಅಲ್ಲಿಯ ಮೊದಲ ಕಟ್ಟಳೆ, ಹುಡುಗರು ಗೋಲಿ ಆಡುವಾಗಲೂ ಪಿಸುಗುಟ್ಟಿಯೇ ಜಗಳವಾಡುತ್ತಿದ್ದರು. ನಾನು ಮೊದಲ ಸಲ ಮಧ್ಯಾಹ್ನ ತಂಬೂರಿ ಹಿಡಿದು ಭೀಮಪಲಾಸ ರಾಗ ಶುರು ಮಾಡಿದಾಗ ಇವರು ಒಳಗೆ ಬಂದು, “ಅಡಗಿಮನ್ಯಾಗ ಹೋಗಿ ಬಾಗಲಾ ಹಾಕ್ಕೊಂಡು ಹಾಡು. ಶಿಫ್ಟಿನ ಮಂದಿ ಮಲಗಿರ್ತಾರ,” ಎಂದರು.

ನ್ಯಾಯವಾದ ಮಾತು ಅನ್ನಿಸಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹಾಡಿದೆ. “ಇನ್ನೂ ಕೇಳಸ್ತೈತಿ,” ಎಂದರು. ದನಿ ಇಳಿಸಿದೆ. “ಇನ್ನೂ ಕೇಳಸ್ತೈತಿ.” ಮತ್ತೆ ಇಳಿಸಿದೆ. ಹೀಗೆ ಇಳಿಸುತ್ತಾ ಇಳಿಸುತ್ತಾ ನನ್ನ ಹಾಡು ಒಲೆಯ ಮೇಲಿನ ಸಾರಿಗಿಂತ ಸಣ್ಣಗೆ ಕುದಿಯುವ ಹಾಗಾಯಿತು. ತಂಬೂರಿ ಜಾಗ ತಿನ್ನುತ್ತದೆ ಎಂದು ಅತ್ತೆಯವರು ಅದನ್ನು ಅಟ್ಟಕ್ಕೆ ಹಾಕಿಸಿದರು. ಅದೇ ಮನೆಯಲ್ಲಿ, ಅದೇ ಹೊತ್ತಿಗೆ, ಇವರ ಕ್ರಿಕೆಟ್ ಕಾಮೆಂಟರಿ ಲೈನಿನ ಕೊನೆಯ ಮನೆಗೂ ಕೇಳುವಂತೆ ಒದರುತ್ತಿತ್ತು. ಶಿಫ್ಟಿನ ಮಂದಿಗೆ ಆ ಗದ್ದಲಕ್ಕೆ ನಿದ್ದೆ ಹತ್ತುತ್ತಿತ್ತಂತೆ, ನನ್ನ ಷಡ್ಜಕ್ಕೆ ಮಾತ್ರ ಎಚ್ಚರವಾಗುತ್ತಿತ್ತಂತೆ!

ಕೆಲವು ವರ್ಷಗಳ ಮೇಲೆ ಒಂದು ದಿನ ನಳದ ಹತ್ತಿರ ಪಕ್ಕದ ಮನೆಯಾಕೆ ಕೇಳಿದಳು: “ಹಾಡೂದ್ ಯಾಕ ಬಿಟ್ರಿ, ಅಕ್ಕಾರ? ನಮ್ಮನಿಯವ್ರು ರಾತ್ರಿಪಾಳಿ ಮುಗಿಸ್ಕೊಂಡ ಬಂದು ನಿಮ್ಮ ಹಾಡ ಕೇಳಕೋತ ಮಲಗ್ತಿದ್ರು.” ನಾನು ಕೊಡ ತುಂಬಿ ಹರಿಯುವುದನ್ನು ನೋಡುತ್ತಾ ನಿಂತುಬಿಟ್ಟೆ. ಯಾರೂ ದೂರು ಹೇಳಿರಲಿಲ್ಲ. ಯಾವತ್ತೂ. ಬೇಡವಾಗಿದ್ದದ್ದು ಇವರೊಬ್ಬರಿಗೇ. ಹೆಂಡತಿ ಹಾಡಿದರೆ ಜೊತೆಗೆ ಕೆಲಸ ಮಾಡುವವರು ಏನೋ ಅಂದಾರು ಎಂಬ ಸಂಕೋಚ ಇದ್ದೀತು, ಇಲ್ಲವೇ ಸುಮ್ಮನೆ ಸಿಡಿಮಿಡಿ. ಆ ದಿನದಿಂದ ನನ್ನೊಳಗೆ ಒಂದು ಕೆಂಡ ಬೂದಿ ಮುಚ್ಚಿಕೊಂಡು ಕೂತಿತು. ಸಂಸಾರ ನಡೆಯಿತು, ಮಗಳು ಹುಟ್ಟಿ ದೊಡ್ಡವಳಾಗಿ ಬೆಳಗಾವಿಗೆ ಮದುವೆಯಾಗಿ ಹೋದಳು.

ಇವರು ನಿವೃತ್ತರಾದ ಮೇಲೆ ನಾವು ಹಳೇ ದಾಂಡೇಲಿಯ ಕಡೆ ಸ್ವಂತ ಮನೆಗೆ ಬಂದೆವು. ಈ ಓಣಿಯಲ್ಲೂ ಅರ್ಧ ಮಂದಿ ಮಿಲ್ಲಿನವರೇ. ಇಲ್ಲಿಗೆ ಬಂದು ಇವರಿಗೆ ಇದ್ದಕ್ಕಿದ್ದಂತೆ ಸಂಗೀತದ ಹುಚ್ಚು ಹಿಡಿಯಿತು. ಹಿಡಿಸಿದವರು ಇವರ ಜೊತೆ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿದ್ದ, ಈಗ ಹಳಿಯಾಳದಲ್ಲಿರುವ ಗೆಳೆಯರೊಬ್ಬರು. ಅವರ ಮನೆಯಲ್ಲಿ ಒಳ್ಳೆಯ ಸೆಟ್ಟು ಇತ್ತು. ಅದನ್ನು ಕೇಳಿ ಬಂದವರೇ ಇವರು ಆಂಪ್ಲಿಫೈಯರ್ ತಂದರು, ಸೋಫಾ ಹೊರಗೆ ಹಾಕಿಸಿದರು, ಪಡಸಾಲೆಯ ನಡುವೆ ಒಂದೇ ಒಂದು ಕುರ್ಚಿ ಹಾಕಿಕೊಂಡರು. ಹಳೆಯ ಟೀವಿಯ ಸ್ಪೀಕರುಗಳನ್ನೇ ಸದ್ಯಕ್ಕೆ ಜೋಡಿಸಿ, ನಡು ಮಧ್ಯಾಹ್ನ ಗಾಜಿನ ಕಿಟಕಿ ನಡುಗುವಂತೆ ಹಚ್ಚಿದರು.

“ಶಿಫ್ಟಿನ ಮಂದಿ ಮಲಗಿರ್ತಾರಲ್ಲರೀ,” ಎಂದೆ. ಬೇಕೆಂದೇ ಅಂದೆ.

ಕಣ್ಣು ತೆರೆಯದೆ ಹೇಳಿದರು: “ಇದು ಸಂಗೀತ. ಗದ್ದಲ ಅಲ್ಲ.”

ಅಲ್ಲಿಗೆ ಬೂದಿ ಹಾರಿಹೋಯಿತು. ಇವರಿಗೂ ಏನಾದರೊಂದು ಬಹಳ ಬೇಕು ಅನ್ನಿಸಬೇಕು. ಅದು ಕೈಗೆ ಸಿಗುವಷ್ಟು ಹತ್ತಿರ ಬರಬೇಕು. ಸಿಗಬಾರದು. ನಾನು ಬೇಡಿದ್ದು ಇಷ್ಟೇ, ಆದರೆ ದಾರಿ ಗೊತ್ತಿರಲಿಲ್ಲ.

ದಾರಿ ತಾನಾಗಿ ಬಂತು. ನಮ್ಮ ಗುರುಗಳು ತೀರಿಹೋಗಿ ಬಹಳ ಕಾಲವಾಗಿದೆ. ಅವರ ಮಗ ಮನೆಯ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಸುವಾಗ ನನ್ನದೊಂದು ಸಿಕ್ಕಿತೆಂದು ಫೋನಿಗೆ ಕಳಿಸಿದ. ಮದುವೆಗೆ ಮುಂಚೆ ಗುರುಗಳ ಮನೆಯ ಕಾರ್ಯಕ್ರಮದಲ್ಲಿ ಹಾಡಿದ ಭೀಮಪಲಾಸ. ತಂಬೂರಿ, ತಬಲಾ, ನಾನು. ಅಡುಗೆಮನೆಯಲ್ಲಿ ಫೋನು ಕಿವಿಗೆ ಹಚ್ಚಿಕೊಂಡು ಕೇಳಿದೆ. ಆ ಹುಡುಗಿ ಯಾರಿಗೂ ಹೆದರದೆ ಹಾಡುತ್ತಿದ್ದಳು. ಹಾಡಿನ ಎರಡನೇ ಭಾಗದಲ್ಲಿ, ಅಂತರಾದಲ್ಲಿ, ಒಂದು ಪದದ ನಟ್ಟನಡುವೆ, ತೆಗೆಯಬಾರದ ಕಡೆ, ಸರಕ್ಕನೆ ಉಸಿರು ತೆಗೆದಿದ್ದಳು. ಗುರುಗಳು ಎಷ್ಟು ಬೈದರೂ ಹೋಗದ ಚಾಳಿ ಅದು. ಕೇಳುತ್ತಾ ಅತ್ತುಬಿಟ್ಟೆ, ಆಮೇಲೆ ಸಿಟ್ಟು ಬಂತು.

ಅದೇ ವಾರ ಆ ಗೆಳೆಯರನ್ನೂ ಕರೆದುಕೊಂಡು ಸ್ಪೀಕರ್ ನೋಡಲು ಹುಬ್ಬಳ್ಳಿಗೆ ಹೊರಟೆವು. ಪರೀಕ್ಷೆಗೆ ಬೇಕಾದ ಹಾಡುಗಳನ್ನೆಲ್ಲ ಇವರು ನನ್ನ ಫೋನಿಗೆ ತುಂಬಿಸಿದ್ದರು. ಇವರ ಫೋನಿನಲ್ಲಿಟ್ಟರೆ ನಡುನಡುವೆ ಯಾರಾದರೂ ಫೋನು ಮಾಡುತ್ತಾರಂತೆ. “ನಿನಗ ಯಾರ ಫೋನ್ ಮಾಡ್ತಾರ?” ಎಂದರು. ಸರಿ ಎಂದೆ. ನನ್ನ ಹಾಡನ್ನೂ ಆ ಹಾಡುಗಳ ನಡುವೆ ಸೇರಿಸಿದೆ.

ಇದನ್ನು ಮಾತ್ರ ಒಪ್ಪಿಕೊಳ್ಳಬೇಕು: ಆಗ ನಾನು ಇವರಿಗೊಂದು ಅವಕಾಶ ಕೊಟ್ಟಿದ್ದೆ. ಗುರುತು ಹಿಡಿದಿದ್ದರೆ, “ಇದು ನೀನಲ್ಲೇನು?” ಎಂದು ಒಂದು ಮಾತು ಕೇಳಿದ್ದರೆ, ನಾನು ಅಂಗಡಿಯಲ್ಲೇ ಎಲ್ಲ ಮರೆತುಬಿಡುತ್ತಿದ್ದೆ. ಅಂಗಡಿಯಲ್ಲಿ ನನ್ನ ಹಾಡು ಬಂತು. ಇವರು ನೆಟ್ಟಗೆ ಕೂತರು. ಗೆಳೆಯರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಮುಗಿದ ಮೇಲೆ ಇವರು ನನ್ನ ಕಡೆ ತಿರುಗಿ, “ಯಾರ ಹಾಡಿದ್ದಿದು?” ಎಂದರು.

“ಗೊತ್ತಿಲ್ಲರೀ. ಯಾರೋ ಕಳಸ್ಯಾರ.”

“ಧಾರವಾಡ ಕಡೆ ದನಿ ಅನಸ್ತೈತಿ, ವೈನಿ,” ಎಂದು ಗೆಳೆಯರು ನನ್ನ ಕಡೆ ತಿರುಗಿ, ಎಲ್ಲ ಬಲ್ಲವರ ಹಾಗೆ ಹೇಳಿದರು. “ಹಳೇ ಕಾಲದ ಯಾರೋ ದೊಡ್ಡವ್ರು ಇರಬೇಕು. ಇನ್ನ ಇದನ್ನ ಹಚ್ಚಿ ನೋಡೂಣು. ಡೋಲು ನಗಾರಿ ಎಲ್ಲಾದರಾಗೂ ಚಲೋನ ಕೇಳಸ್ತಾವ, ಸ್ಪೀಕರಿನ ಹಣೇಬರಾ ಗೊತ್ತಾಗೂದು ಮನಶ್ಯಾರ ದನಿಯೊಳಗ.”

ಹೀಗೆ ನನ್ನ ಹಾಡು ಇವರ ಒರೆಗಲ್ಲಾಯಿತು. ಹುಬ್ಬಳ್ಳಿಯ ಅಂಗಡಿಯ ಹೊಳೆಯುವ ಸಣ್ಣ ಸ್ಪೀಕರುಗಳಲ್ಲಿ ದನಿ ಮೂಗಿನಿಂದ ಬಂದ ಹಾಗಿತ್ತು. ಬಿಟ್ಟುಬಂದೆವು. ಆಮೇಲೆ ಗೆಳೆಯರು ತಮ್ಮ ಹಳೆಯ ಜೋಡಿಯನ್ನು ಹಳಿಯಾಳದಿಂದ ತಂದು ನಮ್ಮ ಪಡಸಾಲೆಯಲ್ಲಿ ಸ್ಟೂಲುಗಳ ಮೇಲಿಟ್ಟು ಕೇಳಿಸಿದರು. ಸ್ಪೀಕರನ್ನು ಬೆರಳಷ್ಟು ಆಚೆ ತಿರುಗಿಸುವುದು, ಬೆರಳಷ್ಟು ಈಚೆ ತಿರುಗಿಸುವುದು, ಕುರ್ಚಿಗೆ ಓಡಿಬಂದು ಕೂತು ಕೇಳುವುದು, ಮತ್ತೆ ಎದ್ದು ಹೋಗುವುದು. ಸೊಸೆಯನ್ನು ಆರಿಸುವಾಗಲೂ ನಮ್ಮ ಅತ್ತೆ ಇಷ್ಟು ಕಣ್ಣು ಕಿರಿದು ಮಾಡಿರಲಿಲ್ಲ. ಕೊನೆಗೊಮ್ಮೆ ಎಲ್ಲ ಹೊಂದಿಕೊಂಡಿತು. ಎರಡು ಡಬ್ಬಿಗಳಿಂದ ಬರುತ್ತಿದ್ದ ದನಿ ಒಂದಾಗಿ, ನಡುವಿನ ಖಾಲಿ ಜಾಗದಲ್ಲಿ ನಿಜವಾಗಿ ಒಬ್ಬಳು ಹೆಂಗಸು ಕೂತು ಹಾಡುತ್ತಿರುವಂತೆ ಕೇಳಿಸಿತು. ಇವರು ಕುರ್ಚಿಯ ಅಂಚಿಗೆ ಬಂದು ಬೆರಳು ತೋರಿಸಿದರು: “ನೋಡಲೇ, ಇಲ್ಲೇ ಕುಂತಾಳ! ಕೈ ಚಾಚಿದ್ರ ಸಿಗ್ತಾಳ!”

ನಾನು ಚಹಾದ ತಾಟು ಹಿಡಿದು ಸರಿಯಾಗಿ ಅಲ್ಲೇ ಹೋಗಿ ನಿಂತಿದ್ದೆ.

“ಏ, ಸ್ವಲ್ಪ ಆಕಡೆ ಸರಿ,” ಎಂದರು ಇವರು. “ನೀ ನಡುವ ನಿಂತ್ರ ಆಕಿ ಕೇಳಸೂದಿಲ್ಲ.”

ಸರಿದೆ. ಚಹಾ ಕೊಟ್ಟೆ. ಒಳಗೆ ಹೋಗಿ ಒಂದು ಖಾಲಿ ಪಾತ್ರೆಯನ್ನು ತಿಕ್ಕಿದ್ದೇ ತಿಕ್ಕಿದೆ. ಆ ಕ್ಷಣದಲ್ಲಿ ನನಗೆ ಮುಂದಿನದೆಲ್ಲ ಸ್ಪಷ್ಟವಾಯಿತು. ಇವರಿಗೆ ಆಕೆ ಬೇಕು. ಆಕೆ ನನ್ನ ಫೋನಿನಲ್ಲಿದ್ದಾಳೆ.

ಅಂತರಾದಲ್ಲಿ ಆಕೆ ತೆಗೆಯುವ ಉಸಿರಿಗೆ ಇವರ ಕಿವಿ ಅಂಟಿಕೊಂಡಿತ್ತು, ಗೆಳೆಯರ ಜೋಡಿಯಲ್ಲೂ ಅದು ಸರಿಯಾಗಿ ಕೇಳಲಿಲ್ಲ ಎಂದು ಇವರ ತಕರಾರು. ಆಗ ಜೋಯಿಡಾದ ಕಡೆ ಹೋಮ್‌ಸ್ಟೇ ನಡೆಸುವವರೊಬ್ಬರು ದೊಡ್ಡ ಸ್ಪೀಕರ್ ಜೋಡಿ ಮಾರುತ್ತಾರೆಂದು ಸುದ್ದಿ ಬಂತು. ಮೂವರೂ ಹೋದೆವು. ಸೊಂಟದೆತ್ತರದ ಕಟ್ಟಿಗೆಯ ಪೆಟ್ಟಿಗೆಗಳು, ಮುಂದೆ ಕಂದು ಬಟ್ಟೆ. ಅವರ ಅಣ್ಣ ಗೋವಾದಲ್ಲಿ ಆಸೆಪಟ್ಟು ಕೊಂಡಿದ್ದಂತೆ. “ಬಂದ ಮಂದಿ ಎಲ್ಲಾ ಡಿಜೆ ಹಚ್ಚು ಅಂತಾರ್ರಿ,” ಎಂದರು ಆ ಮನುಷ್ಯ ಬೇಸರದಿಂದ. “ಇದಕ್ಕ ಡಿಜೆ ಹಚ್ಚಿದ್ರ ಪಾಪ ಸಾಯ್ತಾವ. ಕೇಳೋವ್ರ ಮನಿಗೆ ಹೋಗ್ಲಿ.”

ಹಾಡು ಹಚ್ಚಿದರು. ಅಂತರಾ ಬಂತು, ಪದದ ನಡುವೆ ಆ ಉಸಿರು ಬಂತು. ಅಷ್ಟು ದೊಡ್ಡ ಹಾಲಿನಲ್ಲಿ ಅದು ಎಷ್ಟು ಹತ್ತಿರದಿಂದ ಬಂತೆಂದರೆ ನಾನೇ ಬೆಚ್ಚಿಬಿದ್ದೆ. ಇವರ ಕಣ್ಣಲ್ಲಿ ನೀರು! ತಾಯಿ ಸತ್ತಾಗ ಹನಿ ಹಾಕದ ಮನುಷ್ಯ. ಟವೆಲಿನಿಂದ ಮೂಗು ಒರೆಸಿಕೊಂಡು ಗೆಳೆಯರಿಗೆ ಹೇಳಿದರು: “ಇಂಥಾಕಿ ಮನ್ಯಾಗಿದ್ರ ಆ ಮನಿಯವ್ರು ಎಷ್ಟು ಪುಣ್ಯಾ ಮಾಡಿರಬೇಕ ನೋಡು.”

ಹೇಳಿಬಿಡಲೇ ಅನ್ನಿಸಿತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಇವರು ನನ್ನತ್ತ ನೋಡಿ, “ಸುಮ್ಮ ಕುಂತಿಯೇನು? ಹೊರಗ ಗಾಡಿಯವಾ ಅದಾನೋ ಇಲ್ಲೋ ನೋಡ್ಹೋಗು,” ಎಂದರು. ಬಾಯಿ ಮುಚ್ಚಿಕೊಂಡು ಹೋಗಿ ನೋಡಿದೆ.

ಸ್ಪೀಕರುಗಳಿಗೆ ನನ್ನ ಕೌದಿಗಳನ್ನು ಸುತ್ತಿ ಗೂಡ್ಸ್ ಗಾಡಿಗೆ ಏರಿಸಿದರು. ಇವರು ಹಿಂದೆ ಅವುಗಳನ್ನು ತಬ್ಬಿಕೊಂಡು ಕೂತರು, ನಾನು ಡ್ರೈವರ್ ಪಕ್ಕದಲ್ಲಿ. ಗೆಳೆಯರು ಹಳಿಯಾಳಕ್ಕೆ ಹೊರಡುವ ಮುಂಚೆ, “ಆ ಹಾಡು ನನಗೂ ಕಳಸ್ರಿ, ವೈನಿ,” ಎಂದಿದ್ದರು. “ಹ್ಞೂಂ, ಕಳಸ್ತೇನಿ,” ಎಂದಿದ್ದೆ. ಸೂಪಾದ ಹತ್ತಿರ ಗಾಡಿ ಚಹಾಕ್ಕೆ ನಿಂತಿತು. ನಾನು ಫೋನು ತೆಗೆದು ಆ ಹಾಡನ್ನು ಅಳಿಸಿದೆ, ಗುರುಗಳ ಮಗ ಕಳಿಸಿದ ಸಂದೇಶವನ್ನೂ ಅಳಿಸಿದೆ. ಅವನ ಹತ್ತಿರ ಅದು ಇದ್ದೇ ಇರುತ್ತದೆ. ಅವನ ನಂಬರು ನನಗೆ ಗೊತ್ತು, ಇವರಿಗೆ ಗೊತ್ತಿಲ್ಲ. ಆ ದಿನದ ಚಹಾದಷ್ಟು ರುಚಿಯಾದ ಚಹಾವನ್ನು ನಾನು ಕುಡಿದಿಲ್ಲ.

ಮನೆಗೆ ಬಂದು ಎಲ್ಲ ಜೋಡಿಸಿ, ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕೂತು, “ಹಚ್ಚು,” ಎಂದರು.

“ಯಾವುದು?”

“ಯಾವುದಂದ್ರ? ಆಕೀದು!”

ಫೋನು ತುಂಬಿತ್ತು, ಏನೇನೋ ಅಳಿಸುವಾಗ ಅದೂ ಹೋಗಿರಬೇಕು ಎಂದೆ. ಇವರ ಮುಖ ನೋಡಬೇಕಿತ್ತು. ನಾನು ನೋಡಿದೆ, ಕಣ್ತುಂಬ ನೋಡಿದೆ.

ಆ ಮಳೆಗಾಲವೆಲ್ಲ ಇವರು ಆಕೆಯನ್ನು ಹುಡುಕಿದರು. ಯೂಟ್ಯೂಬಿನಲ್ಲಿದ್ದ ಭೀಮಪಲಾಸಗಳನ್ನೆಲ್ಲ ಹಚ್ಚಿ, ಒಂದೊಂದನ್ನೂ ಅರ್ಧಕ್ಕೇ ನಿಲ್ಲಿಸಿ, “ಇಕಿ ಅಲ್ಲ,” ಎನ್ನುತ್ತಿದ್ದರು. ಗೆಳೆಯರಿಗೆ ಫೋನು ಮಾಡಿ ಹಾಡಿ ತೋರಿಸಿದರು. ಇವರಿಗೆ ಶ್ರುತಿ ಎನ್ನುವುದು ಹುಟ್ಟಾ ಇಲ್ಲ. ಆ ಕಡೆ ಗೆಳೆಯರು ಪಾಪ ಏನು ತಿಳಿದುಕೊಂಡರೋ. ಬೇರೆ ಹಾಡುಗಳು ಆ ಪೆಟ್ಟಿಗೆಗಳಲ್ಲಿ ಚೆನ್ನಾಗಿಯೇ ಕೇಳುತ್ತಿದ್ದವು, ಆದರೆ ಇವರಿಗೆ ರುಚಿಸುತ್ತಿರಲಿಲ್ಲ. ಒಂದೇ ದನಿಗೆಂದು ಆರಿಸಿ ತಂದ ಜೋಡಿ, ಆ ದನಿಯೇ ಇಲ್ಲ. “ಯಾರ ಕಳಸಿದ್ರು, ಸ್ವಲ್ಪ ನೆನಪ ಮಾಡ್ಕೋ,” ಎಂದು ನನ್ನನ್ನು ಮೆತ್ತಗೆ ಕೇಳುವ ಹಂತಕ್ಕೂ ಬಂದರು.

“ನನಗ ಯಾರ ಕಳಸ್ತಾರರೀ?” ಎಂದೆ.

ಬರಬರುತ್ತಾ ಸೆಟ್ಟು ಹಚ್ಚುವುದೇ ಕಡಿಮೆಯಾಯಿತು. ಮಧ್ಯಾಹ್ನ ಉಂಡು ಆ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಿದ್ದರು, ಎದುರಿಗೆ ಸುಮ್ಮನೆ ನಿಂತ ಎರಡು ಪೆಟ್ಟಿಗೆಗಳು. ಅಂಥದೊಂದು ಮಧ್ಯಾಹ್ನ ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ತಂಬೂರಿ ಈಗ ಫೋನಿನಲ್ಲೇ ಸಿಗುತ್ತದೆ. ಹಚ್ಚಿ, ನೆಲದ ಮೇಲೆ ಕೂತು, ಗಂಟಲು ಬಿಟ್ಟು ಹಾಡಿದೆ. ದನಿ ಈಗ ಆ ದನಿಯಲ್ಲ, ಮೇಲೆ ಹೋದರೆ ಒಡೆಯುತ್ತದೆ. ಆದರೆ ಅಂತರಾದಲ್ಲಿ, ಆ ಪದದ ನಡುವೆ, ಉಸಿರು ತಾನಾಗಿ ಅಲ್ಲೇ ಬಂತು.

ಹೊರಗೆ ಕುರ್ಚಿ ಸರಿದ ಸದ್ದು. ಬಾಗಿಲು ತೆರೆಯಿತು. ಇವರು ಚೌಕಟ್ಟು ಹಿಡಿದು ನಿಂತಿದ್ದರು. “ನೀನ… ಆಕಿ ನೀನ ಏನು?” ಎಂದರು.

“ಬಾಗಲಾ ಹಾಕ್ರಿ,” ಎಂದೆ. “ಶಿಫ್ಟಿನ ಮಂದಿ ಮಲಗಿರ್ತಾರ.”

ಇವರು ಚೌಕಟ್ಟು ಬಿಟ್ಟು ಹಿಂದೆ ಸರಿದರು. ಆಮೇಲೆ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು. ಕುರ್ಚಿಯ ಕಡೆ ಹೋದ ಹೆಜ್ಜೆ ಕೇಳಲಿಲ್ಲ. ಬಾಗಿಲಿಗೆ ಕಿವಿಕೊಟ್ಟು ಅಲ್ಲೇ ನಿಂತಿದ್ದಾರೆಂದು ನನಗೆ ಗೊತ್ತಿತ್ತು. ನಾನು ಮತ್ತೆ ಮೊದಲಿನಿಂದ ಹಾಡಿದೆ, ಪೂರ್ತಿ ಹಾಡಿದೆ, ಉಸಿರೂ ತೆಗೆದೆ. ಆದರೆ ಈ ಸಲ ದನಿ ಇಳಿಸಿದೆ. ಬಾಗಿಲು ದಾಟದ ಹಾಗೆ ಹಾಡುವುದನ್ನು ನನಗೆ ಕಲಿಸಿದವರು ಇವರೇ.