ಅತ್ತಿಯ ಸಿಟ್ಟಿನಿಂದ ಆದ ಕೀಬೋರ್ಡು

ನನಗೊಂದು ಖೋಡಿ ಚಟ ಐತ್ರಿ. ಕೀಬೋರ್ಡಿನ್ಯಾಗ ಯಾವ ಅಕ್ಷರ ಎಲ್ಲಿರಬೇಕಂತ ನಾನ ಬದಲಿ ಮಾಡ್ಕೋತ ಕೂಡ್ತೀನಿ. ಯಾರೂ ಕಲಿಸಿಲ್ಲ, ಕೆಡಿಸಿ ಕೆಡಿಸಿ ಕಲ್ತಿದ್ದು. ಒಮ್ಮೆ ಎಷ್ಟು ಶಾಣ್ಯಾತನ ಮಾಡಿದ್ನಂದ್ರ, ಪಾಸ್‌ವರ್ಡ್ ಹೊಡ್ಯಾಕ ಬರದ ನನ್ನ ಕಂಪ್ಯೂಟರಿನ ಮುಂದ ನಾನ ಅರ್ಧಾ ದಿವ್ಸ ಪರದೇಶಿ ಹಂಗ ಕುಂತಿದ್ದೆ.

ಇಂಥವಗ ಒಂದು ಖರೇ ಕೆಲಸ ಸಿಕ್ಕಿದ್ದು ಅತ್ತಿಯಿಂದ. ಮಿಯಾಪುರದಾಗ ಅತ್ತಿ-ಮಾಮಾನ ಮನ್ಯಾಗ ಇದ್ದು ನಾ ಕಾಲೇಜಿಗೆ ಹೋಗ್ತೀನಿ. ಅತ್ತಿ ಮೊದಲ ಕಲಬುರಗಿಯ ಸರ್ಕಾರಿ ಆಫೀಸಿನ್ಯಾಗ ಕನ್ನಡ ಟೈಪಿಸ್ಟ್ ಇದ್ಲು. ಹತ್ತೂ ಬೆರಳು ಹಚ್ಚಿ ಹೊಡ್ಯಾಕಿ. ಈಗ ನನ್ನ ಕಂಪ್ಯೂಟರಿನ ಮುಂದ ಒಂದ ಬೆರಳಿಲೆ, ಅಕ್ಕ್ಯಾಗಿನ ಹರಳು ಆರಿಸಿದಂಗ, ಅಕ್ಷರ ಹುಡುಕ್ಕೋತ ಕೂಡ್ತಾಳ. ಹಳೇ ಗೆಳತಿಗೆ ಒಂದು ಪತ್ರ ಶುರು ಮಾಡಿ ಎರಡ ಸಾಲಿಗೆ ಬಿಟ್ಲು. "ಬಿಡೋ ತಮ್ಮಾ, ನನ್ನ ಕೈ ಹೋತು," ಅಂದ್ಲು. ಆ ಮಾತು ಭಾಳ ಚುಚ್ಚಿತು.

ಟೈಪ್‌ರೈಟರ್ ಹಂಗ ಅಕ್ಷರ ಜೋಡಿಸಿದ ನಕಾಶಾ ಕಂಪ್ಯೂಟರಿಗೆ ತಯಾರ ಸಿಗತಾವ, ಒಂದು ಹಾಕಿಕೊಟ್ಟೆ. ಆದ್ರ ನಾಕಾರು ಅಕ್ಷರ ಆಕಿಯ ಹಳೇ ಮಷಿನ್ನಿಗಿಂತ ಬ್ಯಾರೆ ಕಡೆ ಇದ್ವು. ಬೆರಳು ಎಡವಿ ಎಡವಿ ಬಿದ್ವು. ಸರಿ, ಆಕಿಯ ಮಷಿನ್ನಿನ ನಕಾಶಾನ ತಗಿಯೂಣು ಅಂತ, ತಂತಿ ಕಿತ್ತ ಕೀಬೋರ್ಡು ಊಟದ ಟೇಬಲ್ಲಿನ ಮ್ಯಾಲ ಇಟ್ಟು, ಪೆನ್ನು ಹಿಡಕೊಂಡು ಕುಂತೆ.

"ಅತ್ತಿ, ಢ ಎಲ್ಲಿತ್ತು?"

"ಯಾರಿಗ್ಗೊತ್ತೋ."

ಸೋಫಾದ ಮ್ಯಾಲಿಂದ ಮಾಮಾ ಅಂದ್ರು, "ಜಿಂದಗಿ ಪೂರಾ ಟೈಪ್ ಹೊಡದಾಳ, ಢ ಎಲ್ಲೈತಿ ಗೊತ್ತಿಲ್ಲಂತ."

"ತಡೀರಿ, ಮೂಢ ಗಂಡನ ಮ್ಯಾಲ ಒಂದು ಅರ್ಜಿನ ಬರೀತೀನಿ," ಅಂತ ಅತ್ತಿ ಆ ಸತ್ತ ಕೀಬೋರ್ಡಿನ ಮ್ಯಾಲ ಹೊಡ್ಯಾಕ ಹತ್ತಿದ್ಲು. 'ಮೂಢ' ಅನ್ನೂವಾಗ ಬೆರಳು ತಾನ ಹೋಗಿ ಢದ ಮ್ಯಾಲ ಕುಂತಿತು. ನಾ ಗಪ್ಪನ ಬರಕೊಂಡೆ. ಕೇಳಿದ್ರ ಗೊತ್ತಿಲ್ಲ, ಸಿಟ್ಟಿಗೆದ್ರ ಎಲ್ಲಾ ಗೊತ್ತು.

ಮುಂದ ಮೂರು ದಿವ್ಸ ಕೆಲಸ ಹಿಂಗ ನಡೀತು. ಮಾಮಾ ಮೆಹದಿಪಟ್ಟಣಂ ಬಸ್ಸಿನ್ಯಾಗ ಛತ್ರಿ ಬಿಟ್ಟುಬಂದ ತಕರಾರಿನ್ಯಾಗ ಛ ಸಿಕ್ತು. ಅವರ ಹಠದಾಗ ಠ ಸಿಕ್ತು. ಮಾಮಾನೂ ದಿಲ್ದಾರ್ ಮನುಷ್ಯಾರು; ಅಕ್ಷರ ಕಡಿಮಿ ಬಿದ್ದಾಗ ತಮ್ಮ ಹಳೇ ತಪ್ಪು ತಾವ ನೆನಪು ಮಾಡಿಕೊಡ್ತಿದ್ರು. ಕಡೀಕ ಙ ಒಂದ ಉಳೀತು. ಅಂಥಾ ತಪ್ಪು ಮಾಮಾ ಇನ್ನೂ ಮಾಡಿಲ್ಲಂತ ಕಾಣ್ತೈತಿ. ಅದನ್ನ ಒಂದು ಮೂಲ್ಯಾಗ ನಾನ ಕೂಡಿಸಿದೆ.

ಈ ನಕಾಶಾ ಪೂರಾ ಕಂಪ್ಯೂಟರಿಗೆ ಹಾಕಿ ಅತ್ತೀನ ಕರದೆ. ಹೆದರಿಕಿ ನನಗ. ಆಕಿ ಚಷ್ಮಾ ಒರಸಿ, ಬೆನ್ನು ನೆಟ್ಟಗ ಮಾಡಿ ಕುಂತ್ಲು. ಕೀಬೋರ್ಡಿನ ಕಡೆ ನೋಡಲೇ ಇಲ್ಲ. ಹತ್ತೂ ಬೆರಳು ಒಮ್ಮೆಲೆ ನಡದ್ವು, ಎರಡ ಸಾಲಿಗೆ ನಿಂತಿದ್ದ ಪತ್ರ ಪುಟಾ ದಾಟಿತು. ಮಾಮಾ ಹಿಂದ ನಿಂತು ಓದಾಕ ಹತ್ತಿದ್ರ, "ಆ ಕಡೆ ಸರೀರಿ, ಇದರಾಗ ನಿಮ್ಮ ಸುದ್ದಿ ಇಲ್ಲ," ಅಂದ್ಲು. ಅವರ ಮಾರಿ ಸ್ವಲ್ಪ ಸಣ್ಣದಾತು.

ಈಗ ಆ ಕಂಪ್ಯೂಟರ್ ಆಕಿದ. ನನಗೇನರ ಬರೀಬೇಕಂದ್ರ ಬಾಜೂ ಕುಂತು ಹೇಳಬೇಕು. ಇದನ್ನೂ ನಾ ಹೇಳಾಕತ್ತೀನಿ, ಅತ್ತಿ ಹೊಡ್ಯಾಕತ್ತಾಳ. ನಾ ಮಾತು ಹುಡುಕ್ಕೋತ ನಿಂತ್ರ, "ಲಗೂ ಹೇಳೋ, ಬೆರಳು ಖಾಲಿ ಕುಂತಾವ," ಅಂತಾಳ.